ರಿಪೋರ್ಟ್ ನಾರ್ಮಲ್, ಮೈ ಮಾತ್ರ ನೋಯುತ್ತದೆ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಅದೇ ದಿನ ವಿಶ್ವ ರೋಗಿಗಳ ದಿನವೂ ಹೌದು. ಪೋಪ್ ಎರಡನೇ ಜಾನ್ ಪಾಲ್ ಅವರು 1992ರಲ್ಲಿ ಇದನ್ನು ಘೋಷಿಸಿದರು, 1993ರಿಂದ ಧರ್ಮಸಭೆ ಪ್ರತಿ ವರ್ಷ ಆಚರಿಸುತ್ತಾ ಬಂದಿದೆ. ಆ ದಿನ ನಾವು ರೋಗಿಗಳನ್ನು ದೇವಾಲಯದ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಯಾರು ಯಾರು ಬರುತ್ತಾರೆ, ಯಾರಿಗೆ ಆಟೋ ಬೇಕು ಎಂದು ಮೊದಲೇ ಪಟ್ಟಿ ಮಾಡುವುದು ಯುವಜನರ ಕೆಲಸ. ಮೂರು ವರ್ಷದ ಹಿಂದೆ ಆ ಪಟ್ಟಿ ಬರೆದದ್ದು ನಾನು. ಊರುಗೋಲಿನವರು, ಪಾರ್ಶ್ವವಾಯು ಆದವರು, ಡಯಾಲಿಸಿಸ್‌ಗೆ ಹೋಗುವವರು, ಎಲ್ಲರ ಹೆಸರೂ ಅದರಲ್ಲಿತ್ತು. ನಮ್ಮ ಮನೆಯಲ್ಲೇ ಇದ್ದ ರೋಗಿಯ ಹೆಸರು ಇರಲಿಲ್ಲ. ಅಂದು ಅಮ್ಮ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಪರಮಪ್ರಸಾದ ಆದ ಮೇಲೆ ಕಾಫಿ ಕೊಡಲು ಸಹಾಯ ಮಾಡು ಎಂದು ನಾನೇ ಅವಳನ್ನು ಕರೆದೆ.

ಈ ಸಲದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಫಾದರ್ ಹೇಳಿದಾಗ ಮೊದಲು ಅಮ್ಮನನ್ನು ಕೇಳಿದೆ. "ಹೆಸರು ಹಾಕಬೇಡ. ಹಾಕದಿದ್ದರೂ ಎಲ್ಲರಿಗೂ ಗೊತ್ತಾಗ್ತದೆ, ಅದು ಬೇರೆ ಮಾತು. ಆದರೆ ಬರೆದರೆ ಪೂರ್ತಿ ಬರಿ. ನೀವೆಲ್ಲ ನನಗೆ ಏನೇನು ಅಂದಿರಿ ಅನ್ನೋದನ್ನೂ ಸೇರಿಸಿ ಬರಿ" ಎಂದಳು. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಶುಭಸಂದೇಶ. ಸಾಧಾರಣ ಕಾಲದ ನಾಲ್ಕನೇ ವಾರದ ಮಂಗಳವಾರ, ಎಂದರೆ ಲೂರ್ದು ಮಾತೆಯ ಹಬ್ಬಕ್ಕೆ ಸ್ವಲ್ಪ ದಿನ ಮುಂಚೆ, ಬಲಿಪೂಜೆಯಲ್ಲಿ ಸಂತ ಮಾರ್ಕನ ಐದನೇ ಅಧ್ಯಾಯವನ್ನು ಓದುತ್ತೇವೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಪ್ರಸಂಗ. ಅವಳ ಆಸ್ಪತ್ರೆ ಫೈಲನ್ನೇ ಮಾರ್ಕನು ಒಂದೆರಡು ಸಾಲಿನಲ್ಲಿ ಇಟ್ಟಿದ್ದಾನೆ. ವೈದ್ಯರು ಅನೇಕರಾದರು, ಕೈಯಲ್ಲಿದ್ದ ಹಣವೆಲ್ಲ ಕರಗಿತು, ಕಾಯಿಲೆ ಕಡಿಮೆಯಾಗುವ ಬದಲು ಏರಿತು. ಸಂತ ಲೂಕನೂ ಇದೇ ಪ್ರಸಂಗವನ್ನು ಬರೆದಿದ್ದಾನೆ, ಆದರೆ ವೈದ್ಯರ ಬಳಿ ಹೋಗಿ ಕಾಯಿಲೆ ಹೆಚ್ಚಾಯಿತು ಎಂಬುದನ್ನು ಮಾತ್ರ ಬಿಟ್ಟಿದ್ದಾನೆ. ಸಂತ ಪೌಲನು ಲೂಕನನ್ನು ವೈದ್ಯ ಎಂದು ಕರೆದದ್ದು ನೆನಪಾದರೆ ಸ್ವಲ್ಪ ನಗು ಬರುತ್ತದೆ.

ಆ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು, ಮುಟ್ಟಿದ ಕ್ಷಣವೇ ಗುಣವಾಯಿತು. ಪ್ರಬೋಧನೆಗಳಲ್ಲಿ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಯೇಸುಸ್ವಾಮಿ ಮಾತ್ರ ಅಲ್ಲಿಗೆ ಬಿಡಲಿಲ್ಲ. ಅವರು ಆಗ ಎಲ್ಲಿಗೆ ಹೊರಟಿದ್ದರು ನೋಡಿ. ಪ್ರಾರ್ಥನಾಮಂದಿರದ ಅಧಿಕಾರಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಒಂದೊಂದು ನಿಮಿಷವೂ ಮುಖ್ಯ. ಅಂಥ ಅವಸರದಲ್ಲಿ ಅವರು ನಿಂತು, ಮುಟ್ಟಿದವರು ಯಾರು ಎಂದು ಕೇಳಿದರು. ಇಷ್ಟು ಜನ ನೂಕುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಬೇಸರ. ಅವಳು ನಡುಗುತ್ತಾ ಬಂದು ಕಾಲಿಗೆ ಬಿದ್ದು ನಡೆದದ್ದನ್ನೆಲ್ಲ, ಒಂದನ್ನೂ ಮುಚ್ಚಿಡದೆ, ಹೇಳಿದಳು ಎನ್ನುತ್ತಾನೆ ಮಾರ್ಕ. ಹನ್ನೆರಡು ವರ್ಷದ ಸಂಗತಿ. ಅದು ಎರಡು ನಿಮಿಷದ ಮಾತಲ್ಲ. ಮೈ ಆಗಲೇ ಗುಣವಾಗಿತ್ತು, ಆದರೂ ಅವರು ನಿಂತು ಕೇಳಿಸಿಕೊಂಡರು, ಮಗಳೇ ಎಂದು ಕರೆದರು. ಅವರಿನ್ನೂ ಮಾತಾಡುತ್ತಿರುವಾಗಲೇ ಯಾಯೀರನ ಮನೆಯಿಂದ ಹುಡುಗಿ ತೀರಿಕೊಂಡಳು ಎಂಬ ಸುದ್ದಿ ಬಂತು. ಕೇಳಿಸಿಕೊಳ್ಳಲು ನಿಂತದ್ದಕ್ಕೆ ಎಷ್ಟು ಹೊತ್ತು ಹೋಯಿತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಯಾರೂ ಹಾಗೆ ನಿಲ್ಲಲಿಲ್ಲ.

ಅಮ್ಮ ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಮಡತ್ತುಕುಳಕ್ಕೆ ಬಂದವಳು. ನಾವು ಶಾಲೆಗೆ ಹೋಗುತ್ತಿದ್ದಾಗ ಉಡುಮಲೆಪೇಟೆ ಕಡೆಯ ಒಂದು ಬನಿಯನ್ ಕಂಪನಿಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು. ಚೆಕಿಂಗ್ ಕೆಲಸ. ನಿಂತುಕೊಂಡೇ ಪೀಸ್ ತಿರುಗಿಸಿ ನೋಡಬೇಕು, ದಾರ ಕತ್ತರಿಸಬೇಕು. ಆರ್ಡರ್ ಜೋರಾಗಿದ್ದರೆ ಒಂದೂವರೆ ಶಿಫ್ಟ್, ಅಂದರೆ ಹನ್ನೆರಡು ಗಂಟೆ. ಮೊದಲು ಕುತ್ತಿಗೆ, ಭುಜ ನೋಯುತ್ತದೆ ಎಂದಳು. ಕೆಲಸ ಅಂಥದ್ದು, ನೋಯದೆ ಇರುತ್ತದೆಯೇ ಎಂದುಕೊಂಡೆವು. ಆಮೇಲೆ ಸೊಂಟ, ತೊಡೆ, ಕೈಬೆರಳು. ಕೆಲಸ ಬಿಟ್ಟರೂ ನೋವು ಬಿಡಲಿಲ್ಲ. ಎಂಟು ಗಂಟೆ ಮಲಗಿದರೂ ಎದ್ದಾಗ ನಿದ್ದೆ ಮಾಡಿದ ಹಾಗೇ ಇರುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಜಪಸರ ಹೇಳುವಾಗ ಯಾವ ರಹಸ್ಯದಲ್ಲಿದ್ದೇವೆ ಎಂದು ನಡುವೆ ನಿಲ್ಲುತ್ತಿದ್ದಳು.

ನಾಲ್ಕು ವರ್ಷ ಸುತ್ತಿದೆವು. ಎಕ್ಸ್‌ರೇ, ಸ್ಕ್ಯಾನ್, ಥೈರಾಯ್ಡ್, ಇ.ಎಸ್.ಆರ್., ಸಂಧಿವಾತದ ರಕ್ತಪರೀಕ್ಷೆ. ಎಲ್ಲವೂ ನಾರ್ಮಲ್. ಒಬ್ಬರು ಕ್ಯಾಲ್ಸಿಯಂ ಕೊಟ್ಟರು, ಒಬ್ಬರು ವಯಸ್ಸು ಎಂದರು, ಒಬ್ಬರು ವಾರಕ್ಕೊಂದು ಇಂಜೆಕ್ಷನ್ ಹಾಕಿದರು. ಅದು ಹಾಕಿದ ದಿನ ಹಾಯೆನಿಸಿ, ಮೂರನೇ ದಿನ ಮತ್ತೆ ಅದೇ. ಪ್ರತಿ ಸಲ ಲ್ಯಾಬಿನಿಂದ ಕಾಗದ ತರುತ್ತಿದ್ದದ್ದು ನಾನು. ಬಿ.ಎಸ್ಸಿ. ಓದಿದ್ದೇನೆಂಬ ಜಂಬ ಬೇರೆ. ಕಾಗದ ಓದಿ "ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್" ಎನ್ನುತ್ತಿದ್ದೆ. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದೇ ನನ್ನ ಎಣಿಕೆ. ಅವಳ ಮುಖ ಪ್ರತಿ ಸಲವೂ ಇನ್ನಷ್ಟು ಸಣ್ಣದಾಗುತ್ತಿತ್ತು. ಆಮೇಲಾಮೇಲೆ ಮಾತುಗಳು ಬದಲಾದವು. ಅಪ್ಪ "ಕೆಲಸ ಅಂದಾಗ ಮಾತ್ರ ನೋವು ಬರ್ತದೆ" ಎಂದರು. ಅತ್ತೆ "ನಾವೆಲ್ಲ ಗದ್ದೆಯಲ್ಲಿ ದುಡಿದವರು, ನಮಗೆ ಇಂಥದ್ದೆಲ್ಲ ಗೊತ್ತೇ ಇರಲಿಲ್ಲ" ಎಂದರು. ನಾನು ಒಂದು ದಿನ "ನಾಟಕ ಸಾಕು" ಎಂದೆ. ಅಮ್ಮ ಸೇರಿಸು ಎಂದದ್ದು ಇದನ್ನೇ. ಸೇರಿಸಿದ್ದೇನೆ.

2006ರ ಚಿಕುನ್‌ಗುನ್ಯ ಹಿರಿಯರಿಗೆಲ್ಲ ನೆನಪಿರಬೇಕು. ಆ ವರ್ಷ ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಊರೂರಿಗೇ ಹರಡಿತ್ತು. ಜ್ವರ ಹೋದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ನಾನಾಗ ಚಿಕ್ಕ ಮಗು, ಆದರೂ ಬೀದಿಯಲ್ಲಿ ದೊಡ್ಡವರೆಲ್ಲ ಬಾಗಿ ಬಾಗಿ ನಡೆಯುತ್ತಿದ್ದದ್ದು ನೆನಪಿದೆ. ಯಾರಿಗೂ ಯಾರೂ ನಾಟಕ ಎನ್ನಲಿಲ್ಲ. ಕಾಯಿಲೆಗೆ ಹೆಸರಿತ್ತು, ಸೊಳ್ಳೆ ಕಾರಣವೆಂದು ಗೊತ್ತಿತ್ತು, ಎಲ್ಲರಿಗೂ ಬಂದಿತ್ತು. ಅದೇ ನೋವು ಒಬ್ಬಳಿಗೇ ಬಂದು, ಹೆಸರೂ ಕಾರಣವೂ ಕಾಗದದಲ್ಲಿ ಸಿಗದೆ ಹೋದಾಗ, ನಮಗೆ ನಂಬಲಾಗಲಿಲ್ಲ.

ಕೊನೆಗೆ ಕೊಯಮತ್ತೂರಿನಲ್ಲಿ ಒಬ್ಬ ವಾತರೋಗ ತಜ್ಞೆಯ ಬಳಿ ಹೋದೆವು. ಅವರು ಮಲಯಾಳಿ, ಓದಿದ್ದು ಬೆಂಗಳೂರಿನಲ್ಲಿ. ಅಮ್ಮ ತಮಿಳಿನಲ್ಲಿ ಯಾವಾಗಿನಂತೆ "ಉಡಂಬೆಲ್ಲಾಂ ವಲಿ" ಎಂದಳು. ಇಷ್ಟು ವರ್ಷ ಎಲ್ಲ ವೈದ್ಯರಿಗೂ ಹೇಳಿದ್ದು ಅಷ್ಟೇ, ಮೈಯೆಲ್ಲ ನೋವು. ಅವಳ ಮಾತಿನ ಧಾಟಿ ಕೇಳಿ ಆ ಡಾಕ್ಟರ್ "ಮನೆಯಲ್ಲಿ ಕನ್ನಡಾನಾ? ಕನ್ನಡದಲ್ಲೇ ಹೇಳಿ, ಆತುರ ಇಲ್ಲ" ಎಂದರು. ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಶುರುವಾಯಿತು. ಭುಜದಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ. ತೊಡೆಯಲ್ಲಿ ಸೆಳೆತ. ಬೆರಳಿಗೆ ಜೋಮು. ಕೆಲವು ದಿನ ರವಿಕೆಯ ಹೊಲಿಗೆ ತಾಗಿದರೂ ಉರಿ. ರಾತ್ರಿಯೆಲ್ಲ ಕಲ್ಲು ಹೊತ್ತವಳ ಹಾಗೆ ಬೆಳಿಗ್ಗೆ ಏಳುತ್ತೇನೆ. ಪಕ್ಕದ ಮನೆಯ ಟಿ.ವಿ. ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ನಾನು ಪಕ್ಕದಲ್ಲೇ ಕೂತಿದ್ದೆ. ಇದರಲ್ಲಿ ಅರ್ಧವನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು?

ಮುಕ್ಕಾಲು ಗಂಟೆಯ ನಂತರ ಡಾಕ್ಟರ್ ಹೇಳಿದ ಹೆಸರು ಫೈಬ್ರೊಮಯಾಲ್ಜಿಯ. ನಾರು, ಸ್ನಾಯು, ನೋವು, ಈ ಮೂರು ಮಾತು ಸೇರಿದ ಹೆಸರು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಆ ಪರೀಕ್ಷೆಗಳನ್ನೆಲ್ಲ ಮಾಡಿಸುವುದು ಬೇರೆ ಕಾಯಿಲೆ ಇದೆಯೇ ಎಂದು ತಿಳಿಯಲು. 1990ರಲ್ಲಿ ಅಮೆರಿಕದ ವಾತರೋಗ ತಜ್ಞರ ಸಂಘವು ಮೈಮೇಲೆ 18 ಜಾಗಗಳನ್ನು ಗುರುತಿಸಿ, ಒತ್ತಿದಾಗ 11 ಕಡೆಯಾದರೂ ನೋಯಬೇಕು ಎಂದು ಲೆಕ್ಕ ಇಟ್ಟಿತ್ತು. 2010ರಲ್ಲಿ ಅದೇ ಸಂಘ ಹೊಸ ಕ್ರಮ ತಂದಿತು. ಕಳೆದ ವಾರ ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿತ್ತು, ದಣಿವು ಎಷ್ಟು, ಎದ್ದಾಗ ನಿದ್ದೆ ಮಾಡಿದಂತಿತ್ತೇ, ಮರೆವು ಎಷ್ಟು, ಇದೆಲ್ಲ ಮೂರು ತಿಂಗಳಿಂದ ಇದೆಯೇ ಎಂದು ರೋಗಿಯನ್ನೇ ಕೇಳಬೇಕು. ಅಂದರೆ ಈ ಕಾಯಿಲೆ ಪತ್ತೆಯಾಗುವುದೇ ರೋಗಿಯ ಮಾತಿನಿಂದ. ಅವಳ ಮಾತನ್ನು ನಂಬದೆ ಇದಕ್ಕೆ ವೈದ್ಯವೇ ಇಲ್ಲ.

ಹಾಗಾದರೆ ಗಾಯವಿಲ್ಲದೆ ನೋವು ಹೇಗೆ? ಇದನ್ನು ನನಗೆ ಅರ್ಥ ಮಾಡಿಸಿದ್ದು ನಮ್ಮ ದೇವಾಲಯದ ಮೈಕ್ ಸೆಟ್. ಅದನ್ನು ನೋಡಿಕೊಳ್ಳುವವರು ನಾವೇ. ಆಂಪ್ಲಿಫೈಯರಿನ ಗುಂಡಿಯನ್ನು ಯಾರಾದರೂ ಮಕ್ಕಳು ಪೂರ್ತಿ ತಿರುಗಿಸಿಬಿಟ್ಟರೆ, ಓದುವವರು ಹಾಳೆ ತಿರುವಿದ್ದು ಗುಡುಗಿನ ಹಾಗೆ ಕೇಳುತ್ತದೆ. ಯಾರೂ ಮಾತಾಡದಿದ್ದರೂ ಕುಂಯ್ ಎಂದು ಕಿವಿ ಕೊರೆಯುತ್ತದೆ. ಸ್ಪೀಕರ್ ಬಿಚ್ಚಿ ನೋಡಿದರೆ ಏನೂ ಕೆಟ್ಟಿಲ್ಲ, ಮೈಕ್ ಕೂಡ ಸರಿಯಾಗಿದೆ. ಎರಡರ ರಿಪೋರ್ಟೂ ನಾರ್ಮಲ್. ಕಿವಿ ಮಾತ್ರ ನಿಜವಾಗಿಯೂ ನೋಯುತ್ತಿರುತ್ತದೆ. ಫೈಬ್ರೊಮಯಾಲ್ಜಿಯದಲ್ಲಿ ಬೆನ್ನುಹುರಿ ಮತ್ತು ಮೆದುಳು ನೋವಿನ ಸಂಕೇತಗಳನ್ನು ಹೀಗೆ ಏರಿಸಿ ಕೇಳಿಸಿಕೊಳ್ಳುತ್ತವೆ. 2002ರಲ್ಲಿ ಅಮೆರಿಕದಲ್ಲಿ 16 ರೋಗಿಗಳನ್ನೂ 16 ಆರೋಗ್ಯವಂತರನ್ನೂ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದರು. ಆರೋಗ್ಯವಂತರಿಗೆ ಜೋರಾಗಿ ಒತ್ತಿದಾಗ ಮೆದುಳಿನ ಯಾವ ಭಾಗಗಳು ಎಚ್ಚೆತ್ತವೋ, ರೋಗಿಗಳಲ್ಲಿ ಅದಕ್ಕಿಂತ ಬಹಳ ಕಡಿಮೆ ಒತ್ತಡಕ್ಕೇ ಹೆಚ್ಚುಕಡಿಮೆ ಅದೇ ಭಾಗಗಳು ಎಚ್ಚೆತ್ತವು. 2017ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ಇಂಥ ನೋವಿಗೆಂದೇ ನೊಸಿಪ್ಲಾಸ್ಟಿಕ್ ಎಂಬ ಬೇರೆ ಹೆಸರು ಕೊಟ್ಟಿತು.

ಇದು ಹೆಂಗಸರಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ, ಗಂಡಸರಿಗೂ ಬರುತ್ತದೆ. ಕೆಲವರಿಗೆ ಒಂದು ಜ್ವರದ ನಂತರ, ಅಪಘಾತದ ನಂತರ, ದೊಡ್ಡ ದುಃಖದ ನಂತರ ಶುರುವಾಗುತ್ತದೆ, ಕೆಲವರಿಗೆ ಕಾರಣವೇ ಕಾಣದೆ. ಜೀವಕ್ಕೆ ಅಪಾಯವಿಲ್ಲ, ಕೀಲು ಸೊಟ್ಟಗಾಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಬಹಳ ವರ್ಷ ಜೊತೆಯಲ್ಲೇ ಇರುತ್ತದೆ. ಡಾಕ್ಟರ್ ಇದನ್ನೆಲ್ಲ ಹೇಳಿ ಮುಗಿಸಿದಾಗ ಅಮ್ಮ ಅತ್ತಳು. ಗುಣವಾಗುವುದಿಲ್ಲವೆಂದು ಅಳುತ್ತಿದ್ದಾಳೆ ಎಂದುಕೊಂಡು ಸಮಾಧಾನ ಮಾಡಹೋದೆ. "ಅದಕ್ಕಲ್ಲ. ನನಗೆ ಹುಚ್ಚು ಅಂತ ನಾನೇ ಅಂದ್ಕೊಂಡಿದ್ದೆ" ಎಂದಳು.

ಈಗ ನಮ್ಮ ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಸ್ವಲ್ಪ ಅಂಜಿಕೆಯಿದೆ, ಆದರೆ ಬಿಡಬಾರದು. ಆ ನಾಲ್ಕು ವರ್ಷದಲ್ಲಿ ಅಮ್ಮ ಎಷ್ಟೋ ಪ್ರಾರ್ಥನಾಕೂಟಗಳಿಗೆ ಹೋದಳು, ವೇಳಾಂಕಣ್ಣಿಗೆ ಮೂರು ಸಲ ಹೋಗಿಬಂದಳು. ಹೋಗಿದ್ದು ಒಳ್ಳೆಯದೇ, ಈಗಲೂ ಹೋಗುತ್ತಾಳೆ. ಒಂದು ಕೂಟದಲ್ಲಿ ಮಾತ್ರ ಬೋಧಕರೊಬ್ಬರು ಇದೇ ರಕ್ತಸ್ರಾವದ ಹೆಂಗಸಿನ ಪ್ರಸಂಗ ಹೇಳಿ, ಆಕೆಗೆ ವಿಶ್ವಾಸವಿತ್ತು, ಗುಣವಾಯಿತು, ನಿನಗೇಕೆ ಆಗಿಲ್ಲ, ಮನಸ್ಸನ್ನು ಶೋಧಿಸಿಕೋ ಎಂದರು. ಅಮ್ಮ ಮನೆಗೆ ಬಂದು ಒಂದು ವಾರ ಮಾತಾಡಲಿಲ್ಲ. ಮೈನೋವಿನ ಜೊತೆಗೆ ನಾನು ಪಾಪಿ ಎಂಬ ನೋವೂ ಸೇರಿಕೊಂಡಿತು.

ಪ್ರಿಯರೇ, ಸಂತ ಪೌಲನಿಗೆ ವಿಶ್ವಾಸ ಕಡಿಮೆಯಿತ್ತು ಎನ್ನಲು ನಮ್ಮಲ್ಲಿ ಯಾರಿಗಾದರೂ ಧೈರ್ಯವಿದೆಯೇ? ಕೊರಿಂಥಿಯರಿಗೆ ಬರೆದ ಎರಡನೇ ಪತ್ರದ 12ನೇ ಅಧ್ಯಾಯದಲ್ಲಿ ಅವನು ತನ್ನ ಮೈಯಲ್ಲಿ ನಾಟಿದ ಮುಳ್ಳೊಂದರ ಬಗ್ಗೆ ಹೇಳುತ್ತಾನೆ. ಅದನ್ನು ತೆಗೆದುಹಾಕೆಂದು ಪ್ರಭುವನ್ನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ಕೃಪೆ ಸಿಕ್ಕಿತು. ಅದು ಯಾವ ಕಾಯಿಲೆ ಎಂದು ಅವನು ಹೇಳಲಿಲ್ಲ, ಪಂಡಿತರು ಇಂದಿಗೂ ಊಹಿಸುತ್ತಲೇ ಇದ್ದಾರೆ. ಯೊವಾನ್ನನ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದಿಂದ ಎಂದು ಕೇಳಿದಾಗ ಯೇಸುಸ್ವಾಮಿ ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದುಬಿಟ್ಟರು. ಇಷ್ಟು ಸ್ಪಷ್ಟವಾದ ಉತ್ತರವಿದ್ದ ಮೇಲೂ ಆ ಪ್ರಶ್ನೆಯನ್ನು ನಾವು ಇನ್ನೂ ಕೇಳುತ್ತಿದ್ದೇವೆ. ಜೋಬನ ಮೂವರು ಗೆಳೆಯರೂ ಕೇಳಿದ್ದು ಅದನ್ನೇ. ಅವರು ಮೊದಲ ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಆ ಏಳು ದಿನವೂ ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಇನ್ನೊಂದು ಮಾತು. ನಿನ್ನ ಕಷ್ಟವನ್ನು ಕ್ರಿಸ್ತನ ಶಿಲುಬೆಯೊಂದಿಗೆ ಸೇರಿಸಿ ಒಪ್ಪಿಸು ಎನ್ನುತ್ತೇವೆ. ಇದು ನಮ್ಮ ಧರ್ಮಸಭೆಯ ಆಳವಾದ ಬೋಧನೆ, 1984ರ ಫೆಬ್ರವರಿ 11ರಂದು ಇದೇ ಪೋಪ್ ಜಾನ್ ಪಾಲ್ ಅವರು ಮಾನವ ಯಾತನೆಯ ಅರ್ಥದ ಬಗ್ಗೆ ಒಂದು ದೊಡ್ಡ ಪತ್ರವನ್ನೇ ಬರೆದಿದ್ದಾರೆ. ಆ ಪತ್ರದ ಕೊನೆಯ ಭಾಗ ಇರುವುದು ಒಳ್ಳೆಯ ಸಮಾರಿಯದವನ ಬಗ್ಗೆ, ಎಂದರೆ ದಾರಿಯಲ್ಲಿ ನಿಂತು ಗಾಯ ಕಟ್ಟಿದವನ ಬಗ್ಗೆ. ನನಗೆ ಅನಿಸುವುದು ಇಷ್ಟು: ಒಪ್ಪಿಸುತ್ತೇನೆ ಎನ್ನುವುದು ನೋಯುತ್ತಿರುವವರ ಬಾಯಲ್ಲಿ ಪ್ರಾರ್ಥನೆ. ಕಾಲು ಚಾಚಿ ಟಿ.ವಿ. ನೋಡುತ್ತಾ ನಾನು ಅಮ್ಮನಿಗೆ ಒಪ್ಪಿಸಮ್ಮ ಎಂದರೆ ಅದು ತಪ್ಪಿಸಿಕೊಳ್ಳುವ ಉಪಾಯ.

ಮಾತ್ರೆಯ ವಿಷಯವೂ ವಿಶ್ವಾಸದ ವಿಷಯವೇ. ಅಮ್ಮನಿಗೆ ಡಾಕ್ಟರ್ ಡುಲೊಕ್ಸೆಟಿನ್ ಬರೆದುಕೊಟ್ಟಿದ್ದರು. ಅದು ಖಿನ್ನತೆಗೂ ಕೊಡುವ ಮಾತ್ರೆ, ನರಗಳಲ್ಲಿ ನೋವಿನ ಸಂಕೇತವನ್ನು ತಗ್ಗಿಸಲೂ ಕೊಡುತ್ತಾರೆ. ಔಷಧಿ ಅಂಗಡಿಯಲ್ಲಿ ಯಾರೋ ಇದು ಮನಸ್ಸು ಕೆಟ್ಟವರಿಗೆ ಕೊಡುವುದು ಎಂದರು. ಅಮ್ಮ ಅಂದೇ ನಿಲ್ಲಿಸಿದಳು, ಯಾರಿಗೂ ಹೇಳಲಿಲ್ಲ. ತಲೆಸುತ್ತು, ವಾಕರಿಕೆ ಬಂದು ಹಾಸಿಗೆ ಹಿಡಿದ ಮೇಲೆ ನಮಗೆ ಗೊತ್ತಾಯಿತು. ಇಂಥ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಕೆಲವರಿಗೆ ಪ್ರಿಗ್ಯಾಬಲಿನ್, ಕೆಲವರಿಗೆ ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಯಾವುದೂ ಎಲ್ಲರಿಗೂ ಹಿಡಿಸುವುದಿಲ್ಲ, ಯಾವುದೂ ನೋವನ್ನು ಪೂರ್ತಿ ತೆಗೆಯುವುದಿಲ್ಲ. ಮೈಕೈ ನೋವೆಂದರೆ ನಮ್ಮ ಕಡೆ ಬೇಗ ಸಿಗುವ ಸ್ಟೀರಾಯ್ಡ್ ಇಂಜೆಕ್ಷನ್ ಈ ಕಾಯಿಲೆಗೆ ಮದ್ದಲ್ಲ, ಹೆಚ್ಚು ದಿನ ಹಾಕಿಸಿಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಕೊಡು, ಇಬ್ಬರೂ ದೇವರಿಂದಲೇ ಎಂಬ ಅರ್ಥದ ಮಾತುಗಳು ಅಲ್ಲಿವೆ. ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನಲ್ಲಿ ಆ ಗ್ರಂಥ ಇಲ್ಲ, ನಮ್ಮದರಲ್ಲಿ ಇದೆ. ಇದ್ದೂ ನಾವು ಓದುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಹಾಯವಾದದ್ದು ನಡಿಗೆ. ಯೂರೋಪಿನ ವಾತರೋಗ ತಜ್ಞರು 2017ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ ಪೂರ್ಣ ಬಲದಿಂದ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಅಮ್ಮನಿಗೆ ಇದನ್ನು ಹೇಳಿದಾಗ "ಹನ್ನೆರಡು ಗಂಟೆ ನಿಂತು ದುಡಿದವಳಿಗೆ ವ್ಯಾಯಾಮವೇ?" ಎಂದು ಬೈದಳು. ಅವಳು ಹೇಳಿದ್ದರಲ್ಲೂ ನ್ಯಾಯವಿದೆ. ದುಡಿಮೆ ಬೇರೆ, ಇದು ಬೇರೆ. ಶುರು ಮಾಡಿದ್ದು ದಿನಕ್ಕೆ ಐದೇ ನಿಮಿಷ, ಬೆಳಿಗ್ಗೆ ಅಮರಾವತಿ ಕಾಲುವೆಯ ಏರಿಯ ಮೇಲೆ. ಮೊದಲ ಎರಡು ವಾರ ನೋವು ಹೆಚ್ಚಾಯಿತು, ಬಿಟ್ಟುಬಿಡುತ್ತೇನೆ ಎಂದಳು. ಅಪ್ಪ ಜೊತೆಗೆ ಹೊರಟರು. ವಾರಕ್ಕೆ ಎರಡು ನಿಮಿಷದಂತೆ ಏರಿಸಿ ಈಗ ಇಪ್ಪತ್ತೈದು ನಿಮಿಷಕ್ಕೆ ಬಂದಿದೆ. ಇಬ್ಬರೂ ನಡೆಯುತ್ತಾ ಜಪಸರ ಹೇಳುತ್ತಾರೆ. ಐದು ರಹಸ್ಯ ಮುಗಿಯುವ ಹೊತ್ತಿಗೆ ಮನೆ ಬಾಗಿಲು. ಫಿಸಿಯೋಥೆರಪಿ ಬೇಕಾದವರು ಮಕ್ಕಳೈ ತೇಡಿ ಮರುತ್ತುವಂ ಯೋಜನೆಯವರನ್ನು ಕೇಳಿ ನೋಡಿ. 2021ರಿಂದ ಮನೆಮನೆಗೆ ಬಿ.ಪಿ., ಸಕ್ಕರೆ ಮಾತ್ರೆ ತರುವವರು ಅವರೇ, ಆ ಯೋಜನೆಯಲ್ಲಿ ಫಿಸಿಯೋಥೆರಪಿಯೂ ಸೇರಿದೆ.

ಮನೆಯವರು ಎಡವುವುದು ಒಳ್ಳೆಯ ದಿನಗಳಲ್ಲಿ. ಕಳೆದ ಕ್ರಿಸ್ಮಸ್ಸಿಗೆ ಮೊದಲು ಅಮ್ಮನಿಗೆ ಎರಡು ದಿನ ಮೈ ಹಗುರವಾಗಿತ್ತು. ಕರ್ಜಿಕಾಯಿ, ಚಕ್ಕುಲಿ ಬೀದಿಗೆಲ್ಲ ಹಂಚುವಷ್ಟು ಮಾಡಿದಳು. ನಮಗೂ ಖುಷಿ, ಮೊದಲಿನ ಅಮ್ಮ ವಾಪಸ್ ಬಂದಳು ಎಂದು. ಮೂರನೇ ದಿನದಿಂದ ನಾಲ್ಕು ದಿನ ಹಾಸಿಗೆ. ಮಧ್ಯರಾತ್ರಿಯ ಪೂಜೆಗೂ ಬರಲಾಗಲಿಲ್ಲ. "ಮೊನ್ನೆ ಚೆನ್ನಾಗಿದ್ದೆಯಲ್ಲ?" ಎಂಬ ಪ್ರಶ್ನೆ ಬಾಯಿಗೆ ಬಂತು, ಈ ಸಲ ನುಂಗಿಕೊಂಡೆ. ಈಗ ನಿಯಮ ಮಾಡಿಕೊಂಡಿದ್ದೇವೆ: ಚೆನ್ನಾಗಿರುವ ದಿನವೂ ಅರ್ಧ ಕೆಲಸ, ಚೆನ್ನಾಗಿಲ್ಲದ ದಿನವೂ ಐದು ನಿಮಿಷದ ನಡಿಗೆ. ಅಮ್ಮ ಈ ನಿಯಮವನ್ನು ವಾರಕ್ಕೆರಡು ಸಲ ಮುರಿಯುತ್ತಾಳೆ.

ನೀರಿನ ಕೊಡ ಈಗ ಅಪ್ಪ ಹೊರುತ್ತಾರೆ, ಬಟ್ಟೆ ಹಿಂಡುವುದು ನಾನು. ಮೊದಮೊದಲು ಅಪ್ಪನಿಗೆ ಸಂಕೋಚ, ಕೊಳಾಯಿಯ ಹತ್ತಿರ ಗಂಡಸರು ನಗುತ್ತಿದ್ದರು. ಶಿಲುಬೆ ಹಾದಿಯ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನನ ಮುಂದೆ ನಿಂತಾಗ ನನಗೆ ಅಪ್ಪ ನೆನಪಾಗುತ್ತಾರೆ. ಸಿಮೋನನು ತಾನಾಗಿ ಮುಂದೆ ಬಂದವನಲ್ಲ, ದಾರಿಯಲ್ಲಿ ಹೋಗುತ್ತಿದ್ದವನನ್ನು ಹಿಡಿದು ಹೊರಿಸಿದರು. ಮನಸ್ಸಿಲ್ಲದೆ ಹೊತ್ತದ್ದೂ ಯೇಸುಸ್ವಾಮಿಗೆ ಅಷ್ಟು ದೂರ ಹಗುರವಾಯಿತು. ನೋಡಿಕೊಳ್ಳುವವರಿಗೂ ದಣಿವಾಗುತ್ತದೆ, ಸಿಡುಕು ಬರುತ್ತದೆ. ಅದಕ್ಕೆ ನಾಚಿಕೆಪಡಬೇಕಾಗಿಲ್ಲ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಬಹುದು, ಫಾದರ್ ಹತ್ತಿರ ಸುಮ್ಮನೆ ಕೂತು ಮಾತಾಡಬಹುದು. ಬಹಳ ದಿನದ ನೋವು ಮನಸ್ಸನ್ನೂ ಕತ್ತಲು ಮಾಡುತ್ತದೆ. ಬದುಕು ಸಾಕು ಎಂದು ಯಾರಾದರೂ ಒಂದು ಸಲ ಅಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.

ದೇವಾಲಯಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳು ನಮ್ಮ ಜನಕ್ಕೆ ಸರಿಯಾಗಿ ಗೊತ್ತಿಲ್ಲ, ಫಾದರ್ ಅವರನ್ನು ಕೇಳಿ ಬರೆಯುತ್ತಿದ್ದೇನೆ. ಕಾಯಿಲೆಯಿಂದ ಭಾನುವಾರದ ಬಲಿಪೂಜೆಗೆ ಬರಲಾಗದಿದ್ದರೆ ಅದು ಪಾಪವಲ್ಲ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು ಎಂಬ ನಿಯಮ ಅಸ್ವಸ್ಥರಿಗೂ ವೃದ್ಧರಿಗೂ ಅನ್ವಯಿಸುವುದಿಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಧರ್ಮಸಭೆಯ ಕಾನೂನಿನ 919ನೇ ವಿಧಿಯಲ್ಲೇ ಹಾಗಿದೆ. ಅಮ್ಮ ಎಷ್ಟೋ ಭಾನುವಾರ ಬೆಳಗಿನ ಮಾತ್ರೆ ಬಿಟ್ಟು ಪೂಜೆಗೆ ಬರುತ್ತಿದ್ದಳು, ತಿಂಡಿ ತಿಂದು ಮಾತ್ರೆ ನುಂಗಬೇಕೆಂಬ ಕಾರಣಕ್ಕೆ. ಮೊಣಕಾಲೂರಲು ಆಗದವರು ಕೂತೇ ಆರಾಧಿಸಬಹುದು. ಹತ್ತಿರದವರು "ಮೊಣಕಾಲೂರಿ" ಎಂದು ಭುಜ ತಟ್ಟುವುದು ಬೇಡ. ಆ ತಟ್ಟೂ ನೋಯುತ್ತದೆ. ಸಮಾಧಾನ ಹೇಳುವಾಗ ಕೈ ಹಿಡಿದು ಕುಲುಕದೆ ಕೈಮುಗಿದರೆ ಸಾಕು.

ನಮ್ಮ ಧರ್ಮಪ್ರಾಂತ್ಯದಲ್ಲಿ ನಾಲ್ಕಾರು ಭಾಷೆಗಳಿವೆ, ನಾವು ಕನ್ನಡದವರು ಬೆರಳೆಣಿಕೆ. ಅಂಗಡಿಗೆ, ಬ್ಯಾಂಕಿಗೆ, ಶಾಲೆಗೆ ನಮ್ಮ ತಮಿಳು ಸಾಕು. ಆಸ್ಪತ್ರೆಗೆ ಸಾಲದು ಎಂದು ನನಗೆ ಗೊತ್ತಾದದ್ದು ಅಂದು ಕೊಯಮತ್ತೂರಿನಲ್ಲಿ. ಹಿರಿಯರು ವೈದ್ಯರ ಬಳಿ ಹೋಗುವ ಮುಂಚೆ ಮನೆಯಲ್ಲಿ ಒಂದು ಗಂಟೆ ಕೂತು, ಎಲ್ಲಿ ಹೇಗೆ ನೋಯುತ್ತದೆ, ಯಾವಾಗ ಹೆಚ್ಚು, ನಿದ್ದೆ ಹೇಗಿದೆ ಎಂದು ಕನ್ನಡದಲ್ಲೇ ಹೇಳಿಸಿ. ಮಕ್ಕಳು ಅದನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ. ಮನೆಯಲ್ಲಿ ಮಕ್ಕಳಿಲ್ಲದವರಿಗೆ ನಮ್ಮ ಯುವಜನರು ಬಂದು ಬರೆದುಕೊಡುತ್ತಾರೆ. ನಾಲ್ವರು ಒಪ್ಪಿದ್ದಾರೆ, ಪೂಜೆಯ ನಂತರ ನನ್ನನ್ನು ಕೇಳಿದರೆ ಸಾಕು.

ಫೆಬ್ರವರಿ 11ರ ಪೂಜೆಗೆ ಈ ಸಲ ಪಟ್ಟಿ ಬರೆಯುತ್ತಿಲ್ಲ. ಎಡಬಾಗಿಲಿನ ಹತ್ತಿರ, ಸ್ಪೀಕರ್ ಇಲ್ಲದ ಕಡೆ, ಕೈಯಿರುವ ಎಂಟು ಕುರ್ಚಿಗಳನ್ನೂ ಕೆಲವು ದಿಂಬುಗಳನ್ನೂ ಇಡುತ್ತೇವೆ. ಯಾರು ಬೇಕಾದರೂ ಕೂರಬಹುದು. ಏನು ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಒಂದು ಕುರ್ಚಿಗೆ ಮಾತ್ರ ಈಗಲೇ ಜನ ಗೊತ್ತಾಗಿದೆ. ಕಾಫಿ ಕೊಡುವವಳು ನಾನಲ್ಲ ಎಂದು ಅವಳು ಆಗಲೇ ಹೇಳಿಬಿಟ್ಟಿದ್ದಾಳೆ.